ಸಂಜೆಯಿಂದ ಹಿಂದಕ್ಕೆ ಎಣಿಸಿದ ದಾರಿ

ನಮ್ಮ ಹಿರಿಯರಿಗೆ ದೂರವನ್ನು ಅಳೆಯಲು ಮೈಲಿಗಲ್ಲು ಬೇಕಾಗಿರಲಿಲ್ಲ. ಕೂಗಳತೆ, ಹರದಾರಿ, ಗಾವುದ ಎಂಬ ಮಾತುಗಳು ಅವರ ಬಳಿ ಇದ್ದವು. ಬೆಟ್ಟದ ಸೀಮೆಯಲ್ಲಿ ಇವುಗಳಿಗಿಂತಲೂ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಹೊತ್ತಿನ ಅಳತೆ. ಹೊತ್ತು ಮಾರುದ್ದ ಏರಿದಾಗ ಹೊರಟರೆ ನೆತ್ತಿಗೆ ಬರುವಷ್ಟರಲ್ಲಿ ಸೇರಬಹುದು ಎನ್ನುವಲ್ಲಿ ದೂರವೂ ಇದೆ, ಏರೂ ಇದೆ, ನಡೆಯುವವನ ಕಾಲಿನ ಕಸುವೂ ಇದೆ. ಸೋಮವಾರಪೇಟೆಯ ಕಡೆಯ ಹಳ್ಳಿಯೊಂದರಲ್ಲಿ ನಾನು ಒಬ್ಬ ವೃದ್ಧರನ್ನು, "ಬೆಟ್ಟದ ತುದಿಗೆ ಇಲ್ಲಿಂದ ಎಷ್ಟು ದೂರ ಆಗಬಹುದು, ಅಜ್ಜ?" ಎಂದು ಕೇಳಿದ್ದೆ. ಅವರು ನನ್ನ ಮುಖವನ್ನು ನೋಡಲಿಲ್ಲ, ಕಾಲುಗಳನ್ನು ನೋಡಿದರು. "ನಾವಾದ್ರೆ ಬೆಳಿಗ್ಗೆ ರೊಟ್ಟಿ ತಿಂದು ಹೊರಟು ಮಧ್ಯಾಹ್ನದ ಊಟಕ್ಕೆ ಮನೆಗೆ ಬರ್ತೀವಿ. ನೀವು ಬುತ್ತಿ ಕಟ್ಕೊಂಡು ಹೋಗಿ ಸ್ವಾಮಿ" ಎಂದರು. ಆ ಉತ್ತರದಲ್ಲಿ ಕಿಲೋಮೀಟರಿನ ಸುದ್ದಿಯೇ ಇರಲಿಲ್ಲ. ಆದರೆ ನನಗೆ ತಿಳಿಯಬೇಕಾದದ್ದೆಲ್ಲ ಇತ್ತು.

ಒಂದು ಊರಿನಿಂದ ಬೆಳಿಗ್ಗೆ ಹೊರಟು, ಕಾಡನ್ನೂ ಬೆಟ್ಟವನ್ನೂ ದಾಟಿ, ಅದೇ ದಿನ ಹೊತ್ತು ಮುಳುಗುವುದರೊಳಗೆ ಇನ್ನೊಂದು ಊರನ್ನು ಸೇರುವುದು ಹೇಗೆ ಎಂಬುದು ಈಗ ನಾನು ಹೇಳಲಿರುವ ವಿಷಯ. ಹೇಗೆ ನಡೆಯಬೇಕೆಂಬುದನ್ನು ಕಾಲುಗಳು ತಾವಾಗಿಯೇ ಕಲಿಯುತ್ತವೆ. ಹೊರಡುವ ಮೊದಲು ಮನೆಯಲ್ಲಿ ಕುಳಿತು, ಕೈಯಲ್ಲಿ ಕಾಗದ ಪೆನ್ಸಿಲು ಹಿಡಿದು ಮಾಡಬೇಕಾದ ಕೆಲಸವೊಂದಿದೆ. ಅದರ ಮಾತು ಇದು. ಉದಾಹರಣೆಗೆ ನಾನು ಆರಿಸಿಕೊಂಡಿರುವುದು ನಾಲ್ಕಾರು ಬಾರಿ ನಡೆದು ಪರಿಚಯವಿರುವ ದಾರಿ: ದಕ್ಷಿಣ ಕನ್ನಡದ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತವನ್ನು ಹತ್ತಿ, ಬೆನ್ನಿನ ಆಚೆಗೆ ಕೊಡಗಿನ ಬೀದಳ್ಳಿಗೆ ಇಳಿಯುವ ದಾರಿ.

ಈ ಬೆಟ್ಟದ ಬಗ್ಗೆ ಮೊದಲು ಎರಡು ಮಾತು. ದಕ್ಷಿಣ ಕನ್ನಡದವರು ಕುಮಾರಪರ್ವತ ಎನ್ನುವುದನ್ನೇ ಕೊಡಗಿನವರು ಪುಷ್ಪಗಿರಿ ಎನ್ನುತ್ತಾರೆ. ತಾರಕಾಸುರನನ್ನು ಸಂಹರಿಸಿದ ಕುಮಾರಸ್ವಾಮಿ ಬಂದು ನೆಲೆಸಿದ ಸ್ಥಳ ಇದೆಂದು ಪ್ರತೀತಿ. ಇಲ್ಲಿ ಹುಟ್ಟುವ ಕುಮಾರಧಾರೆ ಬೆಟ್ಟದಿಂದ ಧುಮುಕಿ, ಕುಕ್ಕೆಯನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ತುದಿಯ ಎತ್ತರ ಸಮುದ್ರಮಟ್ಟದಿಂದ 1712 ಮೀಟರ್. ಕೊಡಗಿನಲ್ಲಿ ಇದಕ್ಕಿಂತ ಎತ್ತರವಾದದ್ದು 1748 ಮೀಟರಿನ ತಡಿಯಂಡಮೋಳ್ ಒಂದೇ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಇವೆರಡಕ್ಕಿಂತಲೂ ಎತ್ತರ. ಆದರೆ ಅಲ್ಲಿ ವಾಹನ ತುದಿಯ ಸಮೀಪದವರೆಗೂ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ನಡೆಯುವವನಿಗೆ ತುದಿ ಎಷ್ಟು ಎತ್ತರದಲ್ಲಿದೆ ಎಂಬುದು ಮುಖ್ಯವಲ್ಲ, ಅದರಲ್ಲಿ ಎಷ್ಟನ್ನು ತನ್ನ ಕಾಲಿನಿಂದ ಹತ್ತಬೇಕು ಎಂಬುದು ಮುಖ್ಯ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ, 120 ಮೀಟರಿನ ಆಸುಪಾಸಿನಲ್ಲಿ. ಅಂದರೆ ಹತ್ತಬೇಕಾದದ್ದು ಸುಮಾರು 1600 ಮೀಟರ್. ಮೈಸೂರಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೇ ಬೆಳಗಿನಲ್ಲಿ ಐದಾರು ಸಲ ಹತ್ತಿದ ಹಾಗೆ. ಅಲ್ಲಿ ಒಂದು ಸಲ ಹತ್ತಿ ನಂದಿಯ ಬಳಿ ಕುಳಿತು ಏದುಸಿರು ಬಿಟ್ಟವರು ಈ ಹೋಲಿಕೆಯನ್ನು ನೆನಪಿನಲ್ಲಿಡಬೇಕು. ಹೊರಡುವ ಒಂದು ತಿಂಗಳ ಮೊದಲಿನಿಂದ ಅದೇ ಮೆಟ್ಟಿಲುಗಳನ್ನು ವಾರಕ್ಕೆರಡು ದಿನ ಹತ್ತಿಳಿದರೆ ಅದಕ್ಕಿಂತ ಒಳ್ಳೆಯ ಸಿದ್ಧತೆ ಬೇರೆ ಇಲ್ಲ.

ಇನ್ನು ಲೆಕ್ಕ. ಸ್ಕಾಟ್ಲೆಂಡಿನ ವಿಲಿಯಂ ನೇಯ್‌ಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸರಳ ಸೂತ್ರವನ್ನು ಬರೆದಿಟ್ಟ. ಪ್ರತಿ ಮೂರು ಮೈಲಿಗೆ ಒಂದು ಗಂಟೆ. ಅದರ ಮೇಲೆ ಏರುವ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಮತ್ತೊಂದು. ಕುಕ್ಕೆಯಿಂದ ತುದಿಗೆ ದಾರಿ ಸುಮಾರು 13 ಕಿಲೋಮೀಟರ್. ದೂರಕ್ಕೆ ಎರಡೂವರೆ ಗಂಟೆ, ಏರಿಗೆ ಎರಡೂವರೆ ಗಂಟೆಗೂ ತುಸು ಹೆಚ್ಚು, ಒಟ್ಟು ಐದೂಕಾಲು ಗಂಟೆ. ಆದರೆ ಈ ಮಹಾಶಯ ಸೂತ್ರ ಬರೆದದ್ದು ತಣ್ಣನೆಯ ಗಾಳಿಯಲ್ಲಿ, ಮರಗಳಿಲ್ಲದ ಗುಡ್ಡಗಳ ಮೇಲೆ, ಬಿರುಸಾಗಿ ನಡೆಯುವ ಜನರಿಗಾಗಿ. ಕುಳಿತುಕೊಳ್ಳುವುದು, ನೀರು ಕುಡಿಯುವುದು, ಬೂಟಿನೊಳಗೆ ಹೊಕ್ಕ ಇಂಬಳವನ್ನು ಕಿತ್ತು ಹಾಕುವುದು, ಹಿಂದೆ ಬಿದ್ದವನನ್ನು ಕಾಯುವುದು ಇವಕ್ಕೆ ಅವನ ಲೆಕ್ಕದಲ್ಲಿ ಜಾಗವಿಲ್ಲ. ಅವೆಲ್ಲಕ್ಕೆ ಕಡೆಯ ಪಕ್ಷ ಒಂದು ಗಂಟೆ ಸೇರಿಸಬೇಕು. ಆಗ ಆರೂಕಾಲು ಗಂಟೆಯಾಯಿತು. ನೆನಪಿಡಿ, ಇದು ಎಲ್ಲವೂ ಸರಿಯಾಗಿ ನಡೆದರೆ ತಗಲುವ ಹೊತ್ತು.

ಇದುವರೆಗೆ ಮಾಡಿದ್ದು ಬೆಳಗಿನಿಂದ ಮುಂದಕ್ಕೆ ಎಣಿಸುವ ಲೆಕ್ಕ. ಎಲ್ಲರೂ ಮಾಡುವುದು ಇದನ್ನೇ, ಇಲ್ಲಿಗೇ ನಿಲ್ಲಿಸುವುದೂ ವಾಡಿಕೆ. ನನ್ನ ಮಟ್ಟಿಗೆ ನಿಜವಾದ ಯೋಜನೆ ಆರಂಭವಾಗುವುದು ದಿನದ ಇನ್ನೊಂದು ತುದಿಯಿಂದ. ಡಿಸೆಂಬರ್ ಕೊನೆಯಲ್ಲಿ ಈ ಭಾಗದಲ್ಲಿ ಸೂರ್ಯೋದಯ ಬೆಳಿಗ್ಗೆ 6-45ರ ಸುಮಾರಿಗೆ, ಸೂರ್ಯಾಸ್ತ ಸಂಜೆ 6-10ರ ಸುಮಾರಿಗೆ. ನಮ್ಮ ಕೈಯಲ್ಲಿರುವುದು ಹನ್ನೊಂದೂವರೆ ಗಂಟೆಗೂ ಕಡಮೆ ಬೆಳಕು. ನಮ್ಮ ಸೀಮೆಯಲ್ಲಿ ಸಂಧ್ಯೆ ಬಹಳ ಚಿಕ್ಕದು. ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ಬಯಲಿನಲ್ಲಿಯೇ ದಾರಿ ಕಾಣದು. ಕಾಡಿನೊಳಗಾದರೆ ಆ ಅರ್ಧ ಗಂಟೆಯೂ ಇಲ್ಲ. ಊರಿನಲ್ಲಿ ಇನ್ನೂ ಬಿಸಿಲಿರುವಾಗಲೇ ಮರಗಳ ಬುಡದಲ್ಲಿ ಕತ್ತಲೆ ಕೂಡಲು ತೊಡಗುತ್ತದೆ. ಅದರ ಮೇಲೆ ಇನ್ನೊಂದು ವಿಷಯವಿದೆ. ನಾವು ಇಳಿಯುವ ಬೀದಳ್ಳಿಯ ಮಗ್ಗುಲು ಬೆಟ್ಟದ ಪೂರ್ವದ ಮಗ್ಗುಲು. ಮಧ್ಯಾಹ್ನ ಕಳೆದ ಮೇಲೆ ಸೂರ್ಯ ಬೆಟ್ಟದ ಬೆನ್ನಿನ ಹಿಂದಕ್ಕೆ ಸರಿಯುತ್ತಾನೆ, ಇಡೀ ಇಳಿಜಾರು ಬೆಟ್ಟದ ನೆರಳಿಗೆ ಬೀಳುತ್ತದೆ. ಪಂಚಾಂಗದ ಸೂರ್ಯಾಸ್ತಕ್ಕೂ ಆ ಇಳಿಜಾರಿನ ಸೂರ್ಯಾಸ್ತಕ್ಕೂ ಮುಕ್ಕಾಲು ಗಂಟೆಗಿಂತ ಹೆಚ್ಚಿನ ಅಂತರವೆಂದು ಹಿಡಿದರೆ ಕ್ಷೇಮ. ಆದ್ದರಿಂದ ಐದೂಕಾಲಿಗೆ ಕಾಡಿನಿಂದ ಹೊರಗಿರಬೇಕು. ತುದಿಯಿಂದ ಬೀದಳ್ಳಿಯ ಕಡೆಗೆ ಸುಮಾರು ಏಳು ಕಿಲೋಮೀಟರ್. ನಡುವೆ ಜಾರುವ ಬಂಡೆಯ ಹಾಸುಗಳಿವೆ, ಕಾಲುಗಳು ದಣಿದಿರುತ್ತವೆ. ಮೂರು ಗಂಟೆ ಬೇಕು. ಅಕಸ್ಮಾತ್ತಿಗೆಂದು ಒಂದು ಗಂಟೆ ಕೈಯಲ್ಲಿರಬೇಕು. ಹೀಗೆ ಸಂಜೆಯಿಂದ ಹಿಂದಕ್ಕೆ ಎಣಿಸುತ್ತ ಬಂದರೆ, ತುದಿಯನ್ನು ಬಿಡಬೇಕಾದ ಹೊತ್ತು ಮಧ್ಯಾಹ್ನ ಒಂದೂಕಾಲು. ಬೆಳಿಗ್ಗೆ ಆರೂಮುಕ್ಕಾಲಿಗೆ ಹೊರಟು ಆರೂಕಾಲು ಗಂಟೆ ನಡೆದರೆ ತುದಿ ಮುಟ್ಟುವುದು ಒಂದು ಗಂಟೆಗೆ.

ಎರಡು ಲೆಕ್ಕಗಳೂ ಬಂದು ಸಂಧಿಸುವಲ್ಲಿ ಉಳಿದದ್ದು ಹದಿನೈದು ನಿಮಿಷ! ತುದಿಯಲ್ಲಿ ಕುಳಿತು ಬುತ್ತಿ ಬಿಚ್ಚಲು ಅಷ್ಟೇ ಹೊತ್ತು. ಕುಕ್ಕೆಯಲ್ಲಿ ಬೆಳಗಿನ ಕಾಫಿಗೆಂದು ಕುಳಿತು ಹರಟೆಯಲ್ಲಿ ಅರ್ಧ ಗಂಟೆ ಕಳೆದವರು ಅದನ್ನು ಸಂಜೆ ಕಾಡಿನೊಳಗೆ ತೆರಬೇಕಾಗುತ್ತದೆ. ಈ ನಡಿಗೆಯನ್ನು ಕಷ್ಟವೆಂದು ನಾನು ಕರೆಯುವುದು ಏರಿನ ದೆಸೆಯಿಂದಲ್ಲ, ಈ ಹದಿನೈದು ನಿಮಿಷದ ದೆಸೆಯಿಂದ.

ಯಾವ ಕಡೆಯಿಂದ ಹತ್ತಬೇಕು ಎಂಬ ಚರ್ಚೆ ನಡೆಯುವವರಲ್ಲಿ ಎಂದಿಗೂ ಮುಗಿಯುವುದಿಲ್ಲ. ಬೀದಳ್ಳಿಯ ಕಡೆ ಊರೇ ಎತ್ತರದಲ್ಲಿರುವುದರಿಂದ ಏರು ಬಹಳ ಕಡಮೆ. ಅಲ್ಲಿಂದ ಹತ್ತಿ ಕುಕ್ಕೆಗೆ ಇಳಿಯುವುದೇ ಜಾಣತನವೆಂದು ಕಾಗದದ ಮೇಲೆ ತೋರುತ್ತದೆ. ಆದರೆ ಬಿಸಿಲಿನ ಲೆಕ್ಕವನ್ನೂ ಹಾಕಿ ನೋಡಿ. ಕುಕ್ಕೆಯ ಕಡೆಯ ದಾರಿಯಲ್ಲಿ ಗಿರಿಗದ್ದೆ ದಾಟಿದ ಮೇಲೆ ಶೇಷಪರ್ವತದವರೆಗೂ ಬರಿಯ ಹುಲ್ಲಿನ ಬೋಳು, ತಲೆಗೆ ನೆರಳೆಂಬುದೇ ಇಲ್ಲ. ಬೆಳಿಗ್ಗೆ ಹತ್ತುವವನಿಗೆ ಪಶ್ಚಿಮದ ಆ ಮಗ್ಗುಲು ತಡವಾಗಿ ಬಿಸಿಲೇರುವ ಜಾಗ. ಮಧ್ಯಾಹ್ನ ಅದೇ ದಾರಿಯಲ್ಲಿ ಇಳಿಯುವವನಿಗೆ ಸೂರ್ಯ ನೇರವಾಗಿ ಮುಖಕ್ಕೆ ಹೊಡೆಯುತ್ತಾನೆ, ಹುಲ್ಲು ಕಾದ ಬಾಣಲೆಯಂತಿರುತ್ತದೆ. ಮೇಲಾಗಿ 1600 ಮೀಟರ್ ಇಳಿಯುವುದೆಂದರೆ ಮೊಣಕಾಲಿಗೆ ಶಿಕ್ಷೆ. ಎಲ್ಲಕ್ಕಿಂತ ಮುಖ್ಯವಾಗಿ, ಕುಕ್ಕೆಯ ನೆತ್ತಿಯ ಮೇಲಿನ ದಟ್ಟವಾದ ಕಾಡು ಆ ಕ್ರಮದಲ್ಲಿ ದಿನದ ಕಟ್ಟಕಡೆಗೆ, ಬೆಳಕು ಆರುವ ಹೊತ್ತಿಗೆ ಬರುತ್ತದೆ. ಕುಕ್ಕೆಯ ಕಡೆಯಿಂದ ಹತ್ತಿದರೆ ಅದನ್ನು ಬೆಳಗಿನ ತಂಪಿನಲ್ಲಿ, ಹೊಸ ಕಾಲಿನಲ್ಲಿ ದಾಟಿಬಿಡಬಹುದು. ಹತ್ತುವಾಗ ಶ್ವಾಸ ಹೋಗುತ್ತದೆ ನಿಜ. ಶ್ವಾಸ ಕುಳಿತರೆ ಮರಳಿ ಬರುತ್ತದೆ. ಮೊಣಕಾಲು ಅಷ್ಟು ಸುಲಭವಾಗಿ ಮರಳುವುದಿಲ್ಲ. ನಾನು ಕುಕ್ಕೆಯ ಪಕ್ಷ.

ದಾರಿಯನ್ನು ಒಂದೇ ಉದ್ದದ ಗೆರೆಯಾಗಿ ನೋಡದೆ ನಿಲ್ದಾಣಗಳಾಗಿ ಒಡೆದುಕೊಳ್ಳಬೇಕು. ದೇವರಗದ್ದೆಯಿಂದ ಕಾಡು ಹೊಕ್ಕರೆ ಐದಾರು ಕಿಲೋಮೀಟರಿನ ಮೇಲೆ ಗಿರಿಗದ್ದೆ. ಅಲ್ಲಿಯ ಭಟ್ಟರ ಮನೆಯ ಅನ್ನ ಸಾರು ಉಂಡು ಬೆಟ್ಟ ಹತ್ತಿದವರು ನಾಡಿನಲ್ಲೆಲ್ಲ ಇದ್ದಾರೆ. ಅಲ್ಲಿಗೆ ಒಂಬತ್ತು ಗಂಟೆಗೆ ಮುಟ್ಟಬೇಕು. ಅಲ್ಲಿಂದ ಅರಣ್ಯ ಇಲಾಖೆಯ ಚೆಕ್‌ಪೋಸ್ಟು, ಅದರಾಚೆ ಹುಲ್ಲಿನ ಏಣು, ನಾಲ್ಕು ಕಂಬದ ಕಲ್ಲುಮಂಟಪ. ಇಲ್ಲಿಗೆ ಹನ್ನೊಂದು ಗಂಟೆ. ಹಾವಿನ ಹೆಡೆಯಂತೆ ಮೇಲೆದ್ದ ಶೇಷಪರ್ವತಕ್ಕೆ ಹನ್ನೆರಡು. ಅಲ್ಲಿಂದ ಸ್ವಲ್ಪ ಇಳಿದು, ಒಂದು ಶೋಲಾ ಕಾಡನ್ನು ಹಾದು, ಬಂಡೆ ಹತ್ತಿದರೆ ಕುಮಾರಪರ್ವತ.

ಈ ನಿಲ್ದಾಣಗಳಲ್ಲಿ ಕಲ್ಲುಮಂಟಪವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಶಿಲ್ಪದ ದೃಷ್ಟಿಯಿಂದ ಅದು ಏನೂ ಅಲ್ಲ. ಆದರೆ ಅಲ್ಲಿ ನಿಂತಾಗ ಹಿಂದಿನ ಊರು ಎಂಟೊಂಬತ್ತು ಕಿಲೋಮೀಟರ್, ಬರಿಯ ಇಳಿತ. ಮುಂದಿನ ಊರು ಹನ್ನೊಂದು ಕಿಲೋಮೀಟರ್, ಅದರಲ್ಲಿ ಕಡಿದಾದ ಏರು ಇನ್ನೂ ಬಾಕಿ. ಹಿಂದಿರುಗುವ ದಾರಿ ಮುಂದುವರಿಯುವ ದಾರಿಗಿಂತ ಹತ್ತಿರವಾಗಿರುವವರೆಗೆ ಮಾತ್ರ ನಮಗೆ ಆಯ್ಕೆ ಇರುತ್ತದೆ. ಶೇಷಪರ್ವತ ದಾಟಿದ ಮೇಲೆ ಎರಡು ಊರುಗಳೂ ಒಂದೇ ಸಮನೆ ದೂರ. ಆಗ ತಡವಾಯಿತೆಂದು ತಿಳಿದೂ ಪ್ರಯೋಜನವಿಲ್ಲ. ಆದ್ದರಿಂದ ಹನ್ನೊಂದೂವರೆಯ ಒಳಗೆ ತಂಡದ ಕೊನೆಯ ವ್ಯಕ್ತಿ ಕಲ್ಲುಮಂಟಪವನ್ನು ತಲಪದಿದ್ದರೆ ಇಡೀ ತಂಡ ಅಲ್ಲಿಂದಲೇ ಕುಕ್ಕೆಗೆ ತಿರುಗಬೇಕು. ಮೊದಲನೆಯವನಲ್ಲ, ಕೊನೆಯವನು. ಈ ಗಡುವನ್ನು ಮನೆಯಲ್ಲಿಯೇ, ಎಲ್ಲರೂ ಕೂಡಿ, ಕಾಗದದ ಮೇಲೆ ಬರೆದುಕೊಳ್ಳಬೇಕು. ಬೆಟ್ಟದ ಮೇಲೆ ಕುಳಿತು ಈ ನಿರ್ಧಾರ ಮಾಡಲು ಹೊರಟರೆ ಮಾತನಾಡುವುದು ಬುದ್ಧಿಯಲ್ಲ. ತುದಿ ಕಣ್ಣೆದುರಿಗೆ ನಿಂತು ಕರೆಯುತ್ತಿರುತ್ತದೆ, ಇಷ್ಟು ದೂರ ಬಂದು ಹಿಂತಿರುಗುವುದೇ ಎಂಬ ಅಭಿಮಾನ ಅಡ್ಡ ಬರುತ್ತದೆ.

ಒಂದು ಜನವರಿಯಲ್ಲಿ ನಾವು ಆರು ಮಂದಿ ಹೊರಟಿದ್ದೆವು. ನಮ್ಮಲ್ಲೊಬ್ಬರು, ಐವತ್ತು ದಾಟಿದ ಅಧ್ಯಾಪಕರು, ಹುಲ್ಲಿನ ಏಣನ್ನು ಹತ್ತುವಾಗ ನಿಧಾನವಾದರು. ದೂರುವ ಸ್ವಭಾವ ಅವರದಲ್ಲ. "ನೀವು ನಡೆಯಿರಿ, ನಾನು ಹಿಂದಿನಿಂದ ಬರುತ್ತೇನೆ" ಎಂದು ಎರಡು ಬಾರಿ ಹೇಳಿದರು. ಅವರು ಮಂಟಪದ ನೆರಳಿಗೆ ಬಂದು ಕುಳಿತಾಗ ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಆಕಾಶ ನಿರ್ಮಲವಾಗಿತ್ತು, ಶೇಷಪರ್ವತ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ತರುಣರಿಬ್ಬರು ನನ್ನ ಮುಖ ನೋಡಿದರು. ನಾನು ಕಿಸೆಯಿಂದ ಆ ಕಾಗದವನ್ನು ತೆಗೆದೆ. ಓದುವ ಅಗತ್ಯ ಬೀಳಲಿಲ್ಲ. ತಿರುಗಿದೆವು. ಇಳಿಯುವಾಗ ಅವರ ಮೊಣಕಾಲು ಊದಿತು. ಭಟ್ಟರ ಮನೆಯಿಂದ ಕೆಳಗೆ ಅವರನ್ನು ಇಬ್ಬಿಬ್ಬರು ಸರದಿಯಲ್ಲಿ ಹೆಗಲು ಕೊಟ್ಟು ಕರೆತರಬೇಕಾಯಿತು. ಎರಡು ಗಂಟೆಯ ಇಳಿತಕ್ಕೆ ನಾಲ್ಕು ಗಂಟೆ ಹಿಡಿಯಿತು. ಕುಕ್ಕೆಯ ದೀಪಗಳು ಮರಗಳ ಸಂದಿಯಲ್ಲಿ ಕಾಣುವ ಹೊತ್ತಿಗೆ ನಾವು ಕೈದೀಪ ಹಚ್ಚಿಯಾಗಿತ್ತು. ಅದೇ ಮೊಣಕಾಲು ಅದೇ ದಿನ ಪೂರ್ವದ ಮಗ್ಗುಲಿನ ಬಂಡೆಯ ಮೇಲೆ ಊದಿದ್ದರೆ ಏನಾಗುತ್ತಿತ್ತೆಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆ ಅಧ್ಯಾಪಕರು ಮರುವರ್ಷ ಬೀದಳ್ಳಿಯ ಕಡೆಯಿಂದ ಹತ್ತಿ ತುದಿಯನ್ನು ಕಂಡರು.

ಸಾಹಿತ್ಯ ಪ್ರಿಯರಿಗೆ ಈ ಸೀಮೆ ಮೊದಲೇ ಪರಿಚಿತ. ಶಿವರಾಮ ಕಾರಂತರ 'ಬೆಟ್ಟದ ಜೀವ' 1943ರಲ್ಲಿ ಪ್ರಕಟವಾದದ್ದು. ಅದರ ಗೋಪಾಲಯ್ಯ ಬಾಳಿದ್ದು ಈ ಕುಮಾರಪರ್ವತದ ಸೆರಗಿನ ಕಾಡಿನಲ್ಲಿಯೇ. ಆ ಕಾದಂಬರಿ ಮೊದಲಾಗುವುದೇ ಕಥೆ ಹೇಳುವವನು ಕಾಡಿನಲ್ಲಿ ಕತ್ತಲೆಗೆ ಸಿಕ್ಕಿ ದಾರಿ ತಪ್ಪುವುದರಿಂದ. ಊರಿನವರಿಬ್ಬರು ಎದುರಾಗಿ ಅವನನ್ನು ಗೋಪಾಲಯ್ಯನವರ ಮನೆಗೆ ಮುಟ್ಟಿಸುತ್ತಾರೆ. ಆ ಕಾಲದಲ್ಲಿ ಕಾಡಿನೊಳಗೆ ಅಲ್ಲೊಂದು ಇಲ್ಲೊಂದು ಮನೆಗಳಿದ್ದವು, ಮನೆಯಿಂದ ಮನೆಗೆ ಕಾಲುದಾರಿಗಳಿದ್ದವು, ಕಾಲುದಾರಿಯಲ್ಲಿ ಜನರಿದ್ದರು. ಇಂದು ಮೋಟಾರು ರಸ್ತೆಗಳು ಬೆಟ್ಟವನ್ನು ಬಳಸಿಕೊಂಡು ಹೋಗುತ್ತವೆ. ಒಂದು ಊರಿನಿಂದ ಇನ್ನೊಂದು ಊರಿಗೆ ಕಾಡಿನೊಳಗಿಂದ ನಡೆಯುವ ಪ್ರಸಂಗ ಊರಿನವರಿಗೇ ಇಲ್ಲ. ದಾರಿ ತಪ್ಪಿದವನಿಗೆ ಎದುರಾಗುವವರು ಅವನಂತೆಯೇ ಪೇಟೆಯಿಂದ ಬಂದವರು. ಗೋಪಾಲಯ್ಯನ ಮನೆಯ ದೀಪವನ್ನು ನಂಬಿ ಹೊರಡುವಂತಿಲ್ಲ.

ಕಾಲವನ್ನು ಆರಿಸುವ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಹೋಗಬಾರದು. ಬಂಡೆ ಪಾಚಿಗಟ್ಟಿರುತ್ತದೆ, ಹಳ್ಳಗಳು ನೋಡನೋಡುತ್ತಿದ್ದಂತೆ ಏರುತ್ತವೆ, ಇಂಬಳಗಳ ರಾಜ್ಯಭಾರ ನಡೆಯುತ್ತಿರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಊರುಗಳನ್ನೇ ಮುಚ್ಚಿದುದನ್ನು ಮರೆಯುವಂತಿಲ್ಲ. ಬೇಸಿಗೆಯಲ್ಲಿ ಕಲ್ಲುಮಂಟಪದ ಬಳಿಯ ಒರತೆ ಬತ್ತುತ್ತದೆ, ಒಣಹುಲ್ಲಿಗೆ ಕಾಳ್ಗಿಚ್ಚಿನ ಭಯ. ಉಳಿದದ್ದು ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ. ಅದರಲ್ಲಿಯೂ ಚಂಪಾ ಷಷ್ಠಿಯ ದಿನಗಳನ್ನು ಬಿಡಬೇಕು. ಕುಕ್ಕೆಯಲ್ಲಿ ಮಲಗಲು ಜಗಲಿಯೂ ಸಿಗುವುದಿಲ್ಲ. ಚಳಿಗಾಲದ ಬೆಳಿಗ್ಗೆ ಮಂಜು ಕವಿಯುವುದುಂಟು. ಸಾವಿರ ಮೀಟರ್ ಏರಿದಂತೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಕುಕ್ಕೆಯಲ್ಲಿ ಬೆವರುತ್ತ ಹೊರಟವನು ತುದಿಯ ಗಾಳಿಯಲ್ಲಿ ಹತ್ತು ಡಿಗ್ರಿ ಕೆಳಗಿನ ಹವೆಯಲ್ಲಿ, ಒದ್ದೆ ಅಂಗಿಯಲ್ಲಿ ನಿಂತಿರುತ್ತಾನೆ. ಒಂದು ಒಣ ಅಂಗಿ, ಗಾಳಿ ತಡೆಯುವ ಮೇಲಂಗಿ ಚೀಲದಲ್ಲಿರಲಿ. ತುದಿಯ ಬರಿಬಂಡೆಯ ಮೇಲೆ ಕಾಲುದಾರಿ ಗುರುತು ಬಿಡುವುದಿಲ್ಲ. ಮಂಜು ಇಳಿದರೆ ಬಂದ ದಾರಿ ಯಾವುದು, ಹೋಗುವ ದಾರಿ ಯಾವುದು ಎಂಬುದೇ ತಿಳಿಯದು. ಅದಕ್ಕಾಗಿ ತುದಿಯನ್ನು ಮುಟ್ಟಿದೊಡನೆ, ಬುತ್ತಿ ಬಿಚ್ಚುವ ಮೊದಲು, ಇಳಿಯುವ ದಾರಿಯ ಬಾಯಿಯನ್ನು ಹುಡುಕಿ ಅದರ ಪಕ್ಕದಲ್ಲಿಯೇ ಕುಳಿತುಕೊಳ್ಳುವುದು ನನ್ನ ಕ್ರಮ. ಮೊಬೈಲ್ ಫೋನಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಅದು ಸಿಗ್ನಲ್ ಇಲ್ಲದೆಯೂ ದಾರಿ ತೋರಬಲ್ಲದು. ಆದರೆ ಬೆಳಗಿನಿಂದ ಚಿತ್ರ ತೆಗೆದು ತೆಗೆದು ಬ್ಯಾಟರಿ ಮುಗಿಸಿಕೊಂಡವರ ಕೈಯಲ್ಲಿ ಅದು ಒಂದು ನಯವಾದ ಕಲ್ಲು.

ಅನುಮತಿಯ ಮಾತು. ಬೆಟ್ಟದ ಕೊಡಗಿನ ಭಾಗ 1987ರಿಂದ ಪುಷ್ಪಗಿರಿ ವನ್ಯಜೀವಿಧಾಮ. 2012ರಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ ತಾಣಗಳಲ್ಲಿ ಇದೂ ಒಂದು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆಂದು ಈ ಬೆಟ್ಟಕ್ಕೆ ಸಾವಿರಾರು ಜನ ಒಮ್ಮೆಲೇ ಬಂದು ಸಾಲುಗಟ್ಟಿ ನಿಂತ ಮೇಲೆ ಸರ್ಕಾರ ಕಟ್ಟುಪಾಡನ್ನು ಬಿಗಿಗೊಳಿಸಿತು. ಈಗ ಅಂತರ್ಜಾಲದ ಮೂಲಕ ಮುಂಗಡವಾಗಿ ಹೆಸರು ಕಾದಿರಿಸಬೇಕು. ದಿನಕ್ಕೆ ಇಂತಿಷ್ಟೇ ಜನ. ಕಾಡಿನೊಳಗೆ ಗುಡಾರ ಹಾಕಿ ರಾತ್ರಿ ಕಳೆಯುವಂತಿಲ್ಲ. ಹಿಂದೆ ಗಿರಿಗದ್ದೆಯಲ್ಲಿ ತಂಗಿ ಎರಡು ದಿನಗಳಲ್ಲಿ ಮಾಡುತ್ತಿದ್ದ ನಡಿಗೆಯನ್ನು ಒಂದೇ ದಿನದ ಬೆಳಕಿನಲ್ಲಿ ಮುಗಿಸಬೇಕಾಗಿರುವುದು ಇದರಿಂದಲೇ. ಹಲವರು ಇದನ್ನು ಕಿರುಕುಳವೆಂದು ಗೊಣಗುತ್ತಾರೆ. ಶೇಷಪರ್ವತದ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಬಾಟಲಿಗಳನ್ನೂ ಒಲೆಯ ಮಸಿಯನ್ನೂ ಕಂಡ ನನಗೆ ಗೊಣಗಲು ಬಾಯಿ ಬರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಗೆ ಇಳಿಯಲು ಆ ವರ್ಷದ ನಿಯಮದಲ್ಲಿ ಅವಕಾಶವಿದೆಯೇ ಎಂಬುದನ್ನು ಎರಡೂ ಕಡೆಯ ಅರಣ್ಯ ಕಚೇರಿಗಳಲ್ಲಿ ಮುಂಚಿತವಾಗಿ ಕೇಳಿಕೊಳ್ಳಬೇಕು. ಹತ್ತಿದ ಕಡೆಗೇ ಇಳಿಯಬೇಕೆಂದರೆ ಲೆಕ್ಕವೆಲ್ಲ ಬದಲಾಗುತ್ತದೆ. ಕುಕ್ಕೆಯಿಂದ ಹೋಗಿಬರುವುದು 26 ಕಿಲೋಮೀಟರ್. ನೇಯ್‌ಸ್ಮಿತ್ತನ ಬಿಗಿ ಲೆಕ್ಕದಲ್ಲಿಯೇ ಎಂಟು ಗಂಟೆ, ಸಾಮಾನ್ಯರಿಗೆ ಅದರ ಒಂದೂವರೆ ಪಟ್ಟು, ಅಂದರೆ ಹನ್ನೆರಡು ಗಂಟೆ. ಡಿಸೆಂಬರಿನ ಹಗಲಿನಲ್ಲಿ ಅಷ್ಟು ಬೆಳಕೇ ಇಲ್ಲ. ಅಂಥ ವರ್ಷ ಬೀದಳ್ಳಿಯಿಂದ ಹತ್ತಿ ಅಲ್ಲಿಗೇ ಇಳಿಯುವುದು ವಿವೇಕ.

ಹೊರುವ ವಸ್ತುಗಳ ಉದ್ದನೆಯ ಪಟ್ಟಿ ಕೊಡಲಾರೆ. ತಲೆಗೆ ಮೂರು ಲೀಟರ್ ನೀರು. ಗಿರಿಗದ್ದೆಯ ಆಸುಪಾಸಿನಲ್ಲಿ ಮತ್ತೆ ತುಂಬಿಸಿಕೊಂಡೇ ಮುಂದೆ ಹೋಗಬೇಕು. ಬೆಲ್ಲ, ಹುರಿಗಡಲೆ, ಒಗ್ಗರಣೆ ಅವಲಕ್ಕಿ, ನಿಂಬೆಹಣ್ಣು, ಉಪ್ಪು. ಚಪಾತಿಯನ್ನು ಒಯ್ಯುವವರಿದ್ದಾರೆ, ಮಧ್ಯಾಹ್ನದ ಹೊತ್ತಿಗೆ ಅದು ಬೂಟಿನ ಅಟ್ಟೆಗೆ ಸಮನಾಗುತ್ತದೆ. ಹಗಲಿನ ನಡಿಗೆಯೇ ಆದರೂ ಪ್ರತಿಯೊಬ್ಬನ ಬಳಿ ಕೈದೀಪ ಇರಲೇಬೇಕು. ಇಂಬಳಕ್ಕೆ ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿದ ಕಾಲುಚೀಲ ಮಲೆನಾಡಿನ ಹಳೆಯ ಮದ್ದು. ಆನೆಗಳ ವಿಷಯ ಬೇರೆ. ಹೊಸ ಲದ್ದಿ ಕಂಡರೆ, ಬಿದಿರು ಮುರಿಯುವ ಸದ್ದು ಕೇಳಿದರೆ ನಿಂತು ಕಾಯಬೇಕು, ಬೇಕಾದರೆ ಹಿಂದೆ ಸರಿಯಬೇಕು. ಆ ಕಾಯುವಿಕೆಗೂ ನಮ್ಮ ಲೆಕ್ಕದ ಆ ಒಂದು ಗಂಟೆಯೇ ಆಧಾರ.

ತಂಡ ನಾಲ್ಕಕ್ಕಿಂತ ಕಡಮೆ ಇರಬಾರದು. ಒಬ್ಬನಿಗೆ ಪೆಟ್ಟಾದರೆ ಒಬ್ಬ ಅವನ ಬಳಿ ಕುಳಿತುಕೊಳ್ಳಲು, ಇಬ್ಬರು ಸಹಾಯ ತರಲು. ಹತ್ತಕ್ಕಿಂತ ಹೆಚ್ಚಾದರೆ ಅದು ದಿಬ್ಬಣ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದಿನಿಂದ ಎರಡನೆಯವರಾಗಿ ನಡೆಸಬೇಕು, ದಾರಿ ಬಲ್ಲವರಲ್ಲಿ ಒಬ್ಬರು ಕಟ್ಟಕಡೆಗೆ ಬರಬೇಕು. ನಿಧಾನದವರು ಹಿಂದೆ ಉಳಿದರೆ ನಡೆಯುವ ಅನ್ಯಾಯವನ್ನು ನೋಡಿ: ಮುಂದಿನವರು ಕುಳಿತು ವಿಶ್ರಮಿಸಿ, ಹಿಂದಿನವರು ಬಂದು ಮುಟ್ಟಿದೊಡನೆ ಎದ್ದು ಹೊರಡುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿಯೇ ದೊರೆಯುವುದಿಲ್ಲ.

ಇನ್ನು ಆಚೆಯ ಊರು. ಕುಕ್ಕೆಗೆ ಬರುವುದು ಸುಲಭ. ಬೆಂಗಳೂರಿನಿಂದ ರಾತ್ರಿ ಬಸ್ಸುಗಳಿವೆ, ಸುಬ್ರಹ್ಮಣ್ಯ ರೋಡ್ ರೈಲ್ವೆ ನಿಲ್ದಾಣ ಹತ್ತಾರು ಕಿಲೋಮೀಟರಿನಲ್ಲಿದೆ. ಬೀದಳ್ಳಿ ಹಾಗಲ್ಲ. ಸೋಮವಾರಪೇಟೆಗೆ ಅಲ್ಲಿಂದ ಬಸ್ಸು ವಿರಳ, ಸಂಜೆಯ ಕೊನೆಯ ಬಸ್ಸು ಬೆಟ್ಟ ಇಳಿದು ಬರುವವರಿಗಾಗಿ ಕಾಯುವುದಿಲ್ಲ. ಅದು ಎಷ್ಟು ಹೊತ್ತಿಗೆ ಎಂಬುದನ್ನು ಹಿಂದಿನ ದಿನವೇ ವಿಚಾರಿಸಬೇಕು. ಇಲ್ಲವೇ ಸೋಮವಾರಪೇಟೆಯಿಂದ ಒಂದು ಜೀಪನ್ನು ಗೊತ್ತುಮಾಡಿ, ಐದು ಗಂಟೆಗೆ ದಾರಿಯ ಕೊನೆಯಲ್ಲಿ ನಿಲ್ಲಲು ಹೇಳಬೇಕು. ಹೊರಡುವಾಗ ಕುಕ್ಕೆಯಲ್ಲಿ ಉಳಿದುಕೊಂಡ ಮನೆಯವರಿಗೆ ನಾವು ಇಷ್ಟು ಜನ, ಸಂಜೆ ಏಳರೊಳಗೆ ಆಚೆಯಿಂದ ಫೋನ್ ಮಾಡುತ್ತೇವೆ, ಮಾಡದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ ಎಂದು ಹೇಳಿ ಹೊರಡಬೇಕು. ಚೆಕ್‌ಪೋಸ್ಟಿನ ಪುಸ್ತಕದಲ್ಲಿ ಹೆಸರುಗಳನ್ನು ಓದಲು ಬರುವಂತೆ ಬರೆಯಬೇಕು. ತುಂಟತನಕ್ಕೆಂದು ಚಿತ್ರನಟರ ಹೆಸರು ಬರೆದವರನ್ನು ನಾನು ಕಂಡಿದ್ದೇನೆ.

ಕಲ್ಲುಮಂಟಪದಿಂದ ತಿರುಗಿ ಬಂದ ದಿನವಾದರೆ, ಭಟ್ಟರ ಮನೆಯ ಬಳಿಯಲ್ಲೋ ಕುಕ್ಕೆಗೆ ಬಂದ ಮೇಲೋ ಫೋನಿಗೆ ಸಿಗ್ನಲ್ ಸಿಕ್ಕಿದೊಡನೆ ಮೊದಲು ಮಾಡಬೇಕಾದ ಕೆಲಸವೊಂದಿದೆ. ಬೆಟ್ಟದ ಆಚೆ ಬೀದಳ್ಳಿಯ ದಾರಿಯ ಕೊನೆಯಲ್ಲಿ ಜೀಪಿನವನು ಕಾಡಿನ ಕಡೆಗೇ ಮುಖ ಮಾಡಿಕೊಂಡು ಕಾಯುತ್ತಿರುತ್ತಾನೆ. ನಾವು ಈ ಕಡೆ ಇಳಿದಿದ್ದೇವೆ, ಆರು ಮಂದಿಯೂ ಇದ್ದೇವೆ ಎಂದು ಅವನಿಗೆ ತಿಳಿಸಬೇಕು.